ಉತಾರದಿಂದ ಎಫ್-ಫಾರ್ಮಿನವರೆಗೆ

ಧಾರವಾಡ, ಬೆಳಗಾವಿಯ ಕಡೆಯಿಂದ ಬಂದು ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲಿನ ಭೂದಾಖಲೆಗಳ ಭಾಷೆ ತೀರ ಪರಕೀಯವೆನಿಸುವುದಿಲ್ಲ. ನಾವು ‘ಉತಾರ’ ಎನ್ನುವುದು ಇಲ್ಲಿ ‘ಸಾತ್-ಬಾರ್ ಉತಾರೊ’. ಬೇಸಾಯದಿಂದ ಬಿಡುಗಡೆಯಾದ ಭೂಮಿಗೆ ಎರಡೂ ಕಡೆ ‘ಎನ್.ಎ.’ ಎಂಬ ಒಂದೇ ಹೆಸರು. 1956ರವರೆಗೆ ಆ ಜಿಲ್ಲೆಗಳೂ ಅಹಮದಾಬಾದ್, ಸೂರತ್‌ಗಳೂ ಒಂದೇ ಮುಂಬಯಿ ಆಡಳಿತದಲ್ಲಿದ್ದವಲ್ಲ! ಆದರೆ ಕ್ರಯಪತ್ರದಲ್ಲಿ ‘ಓ.ಪಿ.’, ‘ಎಫ್.ಪಿ.’ ಎಂಬ ಅಕ್ಷರಗಳು ಎದುರಾದಾಗ ನಮ್ಮವರು ತಡವರಿಸುತ್ತಾರೆ. ಹಣದ ಲೆಕ್ಕ ಅಡಗಿರುವುದು ಅಲ್ಲಿಯೇ.

1915ರಲ್ಲಿ ಮುಂಬಯಿ ಸರಕಾರ ನಗರ ಯೋಜನಾ ಕಾಯಿದೆಯನ್ನು ತಂದಿತು. ಅದರ ಪೂರ್ವಜ, ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕಾಗಿ 1902ರಲ್ಲಿ ಆದ ಕಾನೂನು. ಊರಂಚಿನ ಹೊಲಗಳನ್ನು ಸರಕಾರ ಕೊಂಡುಕೊಳ್ಳುವುದಿಲ್ಲ. ಅಂಕುಡೊಂಕಾದ ಹಿಡುವಳಿಗಳನ್ನು ನಕ್ಷೆಯ ಮೇಲೆ ಒಂದುಗೂಡಿಸಿ, ರಸ್ತೆ, ಶಾಲೆ, ಉದ್ಯಾನಗಳಿಗೆ ಬೇಕಾದಷ್ಟನ್ನು ಕಳೆದು, ಉಳಿದದ್ದನ್ನು ಚೊಕ್ಕ ಆಕಾರದಲ್ಲಿ ಅದೇ ಒಡೆಯರಿಗೆ ಮರಳಿಸುತ್ತದೆ. ಮೊದಲಿನದು ಓ.ಪಿ., ಮೂಲ ನಿವೇಶನ. ಮರಳಿ ಬಂದದ್ದು ಎಫ್.ಪಿ., ಅಂತಿಮ ನಿವೇಶನ. ನೆಲ ಕಿರಿದಾಗುತ್ತದೆ, ಬೆಲೆ ಹಿರಿದಾಗುತ್ತದೆ. ಹಿರಿದಾದ ಬೆಲೆಯ ಒಂದು ಪಾಲನ್ನು, ಈಗಿನ ಕಾನೂನಿನಂತೆ ಗರಿಷ್ಠ ಅರ್ಧವನ್ನು, ಒಡೆಯನು ಯೋಜನೆಯ ವೆಚ್ಚಕ್ಕೆ ಸಲ್ಲಿಸಬೇಕು. ಅಹಮದಾಬಾದಿನಲ್ಲಿ ಈ ಪ್ರಯೋಗ ಜಮಾಲಪುರದಿಂದ ಮೊದಲಾಗಿ ಸಾಬರಮತಿಯಾಚೆಯ ಎಲ್ಲಿಸ್‌ಬ್ರಿಡ್ಜ್‌ಗೆ ಹಬ್ಬಿತು. ವಡೋದರಾ ಗಾಯಕವಾಡರ ಸಂಸ್ಥಾನ. ಅಲ್ಲಿ ನಗರದ ಬೆಳವಣಿಗೆಯ ಕುರಿತು 1916ರಲ್ಲಿ ವರದಿ ಬರೆದವನು ಪ್ಯಾಟ್ರಿಕ್ ಗೆಡ್ಡೆಸ್. 1949ರ ವಿಲೀನದ ನಂತರವೇ ಅದು ಮುಂಬಯಿಯ ಕಾನೂನಿನಡಿ ಬಂದಿತು.

1976ರಲ್ಲಿ ಎರಡು ಕಾಯಿದೆಗಳು ಹುಟ್ಟಿದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಭೂಸ್ವಾಧೀನದ ದಾರಿ ಹಿಡಿಯಿತು; ಅರ್ಕಾವತಿ ಬಡಾವಣೆಯ ವ್ಯಾಜ್ಯಗಳನ್ನು ಕಂಡವರಿಗೆ ಅದರ ಪಾಡನ್ನು ವಿವರಿಸಬೇಕಿಲ್ಲ. ಗುಜರಾತಿನ ಕಾಯಿದೆ ಹಳೆಯ ಜರ್ಮನ್ ದಾರಿಯನ್ನೇ ಗಟ್ಟಿ ಮಾಡಿತು. ಕರ್ನಾಟಕದ 1961ರ ಕಾಯಿದೆಯಲ್ಲಿಯೂ ಇಂಥ ಯೋಜನೆಗಳಿಗೆ ಒಂದು ಅಧ್ಯಾಯವೇ ಇದೆ; ಅದು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು. ಇದು ನನಗೆ ದುಃಖದ ಸಂಗತಿ. ಗುಜರಾತಿನ ಲೆಕ್ಕದಲ್ಲಿ ಯೋಜನಾ ಪ್ರದೇಶದ ಶೇ. 15 ರಸ್ತೆಗೆ, ಶೇ. 5 ಉದ್ಯಾನ-ಆಟದ ಬಯಲಿಗೆ, ಶೇ. 5 ಶಾಲೆ-ಚಿಕಿತ್ಸಾಲಯಗಳಿಗೆ, ಶೇ. 15 ಪ್ರಾಧಿಕಾರವೇ ಮಾರಿ ಹಣ ಮಾಡಿಕೊಳ್ಳಲು. ಇವಿಷ್ಟೇ ಕಡಿತವಾದರೂ 10,000 ಚದರ ಮೀಟರ್ ಹೊಲದವನಿಗೆ ಸುಮಾರು 6,000 ಉಳಿದೀತು. ಅಹಮದಾಬಾದನ್ನು ಬಳಸಿರುವ 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ಭೂಮಿ ಹೀಗೆಯೇ ದೊರೆಯಿತು.

ಕೊಳ್ಳುವವನಿಗೆ ಇದರಿಂದೇನು? ಯೋಜನೆಗೆ ಮೂರು ಹಂತ: ಕರಡು, ಪ್ರಾಥಮಿಕ, ಅಂತಿಮ. ಕರಡು ಹಂತದಲ್ಲಿ ಓ.ಪಿ. ನಂಬಿ ಕೊಂಡವನ ನಿವೇಶನ ಆಮೇಲೆ ಕುಗ್ಗಬಹುದು, ಪಕ್ಕಕ್ಕೆ ಸರಿಯಬಹುದು; ದಾರಿಬದಿಯೆಂದು ತೆತ್ತ ದುಡ್ಡಿಗೆ ಹಿಂದಿನ ಸಾಲು ಸಿಗಬಹುದು. ವಂತಿಗೆಯ ಬೇಡಿಕೆ ವರ್ಷಗಳ ನಂತರ ಬರುವುದೂ ಉಂಟು, ಮಾರಿದವನು ಊರು ಬಿಟ್ಟ ಮೇಲೆ.

ಉಳಿದ ವೆಚ್ಚಗಳು ತೆರೆದ ಲೆಕ್ಕ. ಮುದ್ರಾಂಕ ಶುಲ್ಕ ಶೇ. 4.9, ನೋಂದಣಿ ಶೇ. 1, ಮಹಿಳೆಯ ಹೆಸರಿನಲ್ಲಿ ಕೊಂಡರೆ ನೋಂದಣಿ ಶುಲ್ಕ ಮಾಫಿ. ಇವೆಲ್ಲ ‘ಜಂತ್ರಿ’ಯ, ಅಂದರೆ ನಮ್ಮ ಮಾರ್ಗಸೂಚಿ ದರದ, ಮಟ್ಟಕ್ಕಿಂತ ಕೆಳಗಿಳಿಯುವಂತಿಲ್ಲ, 2011ರ ಆ ದರಗಳಲ್ಲಿ ಭೂಮಿಯವು 2023ರ ಏಪ್ರಿಲ್ 15ರಂದು ಒಮ್ಮೆಲೇ ಇಮ್ಮಡಿಯಾದವು. ‘ಬಿ.ಯು.’ ಪರವಾನಗಿ, ನಮ್ಮಲ್ಲಿಯ ಓ.ಸಿ., ಬಂದ ಮನೆಗೆ ಜಿ.ಎಸ್.ಟಿ. ಇಲ್ಲ, ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ. 5. ಸೂರತ್ತಿನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ: 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ತಾಪಿಯನ್ನು ತುಂಬಿ ನಗರದ ಬಹುಭಾಗವನ್ನು ಮುಳುಗಿಸಿತು. ಅಹಮದಾಬಾದಿನಲ್ಲಿ 2001ರ ಭೂಕಂಪಕ್ಕೆ ಕುಸಿದ ಬಹುಮಹಡಿಗಳಲ್ಲಿ ಹಲವು, ಕೆಳಗೆ ಗೋಡೆಯಿಲ್ಲದೆ ಕಂಬಗಳ ಮೇಲಷ್ಟೇ ನಿಂತವು. ಹಳೆಯ ಫ್ಲ್ಯಾಟಿನ ಬೆಲೆ ಅಗ್ಗವೆನಿಸಿದಾಗ ಮೊದಲು ವಾಹನ ನಿಲ್ಲಿಸುವ ಕೆಳ ಅಂತಸ್ತನ್ನು ನೋಡುವುದು ಒಳ್ಳೆಯದು.

ಹೊಲವನ್ನೇ ಕೊಳ್ಳುವ ಆಸೆಯಿದ್ದರೆ 1948ರ ಗೇಣಿ ಕಾಯಿದೆಯ 63ನೆಯ ಕಲಮು ಅಡ್ಡ ನಿಲ್ಲುತ್ತದೆ: ಬೇಸಾಯಗಾರನಲ್ಲದವನಿಗೆ ಕೃಷಿಭೂಮಿ ಮಾರುವಂತಿಲ್ಲ. ಕರ್ನಾಟಕ ತನ್ನ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ್ದರಿಂದ, ಅಲ್ಲಿಯ ರೂಢಿ ಹಿಡಿದು ಬಂದವರು ಇಲ್ಲಿ ಮುಗ್ಗರಿಸುವ ಸಂಭವ ಹೆಚ್ಚು.

ಮುಂಗಡ ಕೊಡುವ ಮುನ್ನ ಯೋಜನೆಯ ‘ಎಫ್-ಫಾರ್ಮ್’ ಕೇಳಿ ಪಡೆಯಬೇಕು. ಒಡೆಯನ ಹೆಸರು, ಓ.ಪಿ.ಯ ಅಳತೆ, ಎಫ್.ಪಿ.ಯ ಅಳತೆ, ಎರಡರ ಮೌಲ್ಯ ಅದರಲ್ಲಿ ಒಂದೇ ಸಾಲಿನಲ್ಲಿರುತ್ತವೆ. ಅದೇ ಸಾಲಿನಲ್ಲಿ ಒಡೆಯನು ಸಲ್ಲಿಸಬೇಕಾದ ನಿವ್ವಳ ಮೊತ್ತವೂ ಇರುತ್ತದೆ. ಆ ಮೊತ್ತ ಸಂದಾಯವಾದ ರಸೀದಿಯನ್ನೂ ಮಾರುವವನಿಂದ ಕೇಳಬೇಕು.