ಹಲ್ಲಿನ ಬುಡದ ಎಲುಬು ಉಳಿಸುವ ದಾರಿಗಳು

ನಡುವಯಸ್ಸಿನಲ್ಲಿ ಹಲ್ಲು ಅಲುಗಾಡಿದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗುವುದು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಹೊಸದೇನಲ್ಲ. ‘ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಸಡಿಲಾಗ್ತಾವ’ ಎಂಬ ಹೆದರಿಕೆ ಬೇರೆ. ಅದರಲ್ಲಿ ಅರ್ಧ ನಿಜವಿದೆ. ಎಲುಬು ಮೊದಲೇ ಕರಗಿರುತ್ತದೆ. ಹಲ್ಲುಗಳನ್ನು ಅಷ್ಟಿಷ್ಟು ಕಚ್ಚಿ ಹಿಡಿದಿರುವುದು ಕಲ್ಲಾದ ಪಾಚಿ. ಅದನ್ನು ಕೆರೆದಾಗ ಹಳೆಯ ಸಡಿಲವೇ ಬಯಲಾಗುತ್ತದೆ.

ವಸಡಿನಿಂದ ರಕ್ತ, ಕೀವು ಸೋರಿ ಹಲ್ಲು ಅಲುಗಾಡುವ ರೋಗವನ್ನು ಸುಶ್ರುತ ಸಂಹಿತೆ ‘ದಂತವೇಷ್ಟ’ ಎಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಜಾನ್ ರಿಗ್ಸ್ ಬೇರಿನ ಮೇಲಿನ ಕೊಳೆ ಕೆರೆದು ತೆಗೆಯುವುದೇ ಮದ್ದು ಎಂದು ವಾದಿಸಿದರು. ಆದರೆ ಮುಂದಿನ ಕಾಲ ಕತ್ತಿಯದಾಯಿತು. ಸಡಿಲ ವಸಡನ್ನು ಕತ್ತರಿಸಿ ತೆಗೆದರು. 1910ರ ದಶಕದಲ್ಲಿ ಸ್ವೀಡನ್ನಿನ ವಿಡ್‌ಮನ್ ವಸಡು ಬಿಡಿಸಿ ಒಳಗೆ ಶುಚಿ ಮಾಡುವ ಫ್ಲಾಪ್ ವಿಧಾನ ತಂದರು. 1949ರಲ್ಲಿ ಶ್ಲೂಗರ್ ಎಲುಬನ್ನೇ ಉಜ್ಜಿ ನುಣುಪಾಗಿಸಬೇಕೆಂದರು. ಎಲುಬು ಉಳಿಸಲು ಹೊರಟು ಇದ್ದ ಎಲುಬನ್ನೂ ಕಳೆಯುವ ಈ ಪದ್ಧತಿ ದಶಕಗಟ್ಟಲೆ ನಡೆಯಿತು.

ಗಾಳಿ ತಿರುಗಿದ್ದು 1965ರಲ್ಲಿ. ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಆರೋಗ್ಯವಂತ ಯುವಕರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಿದಾಗ ಸರಿಹೋಯಿತು. 1986ರಲ್ಲಿ ಅವರೇ ಶ್ರೀಲಂಕಾದ ಚಹಾ ತೋಟದ ಕಾರ್ಮಿಕರ ಬಗ್ಗೆ ಬರೆದರು. ದಂತ ಚಿಕಿತ್ಸೆಯನ್ನೇ ಕಾಣದ ಆ ಜನರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ರೋಗ ವೇಗವಾಗಿ ಬೆಳೆದಿತ್ತು, ಶೇ. 11ರಷ್ಟು ಮಂದಿಯಲ್ಲಿ ವಸಡಿನ ಊತದಾಚೆಗೆ ಹೋಗಿರಲೇ ಇಲ್ಲ. ಪಾಚಿ ಎಲ್ಲರ ಬಾಯಲ್ಲೂ ಇತ್ತು. ಎಲುಬು ಕರಗಿಸುವುದು ಅದಕ್ಕೆ ದೇಹ ತೋರುವ ಉರಿಯೂತ. ಸಕ್ಕರೆ ಕಾಯಿಲೆ, ತಂಬಾಕು ಅದನ್ನು ಇನ್ನಷ್ಟು ಕೆರಳಿಸುತ್ತವೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ತಂಬಾಕು ಜಗಿಯುವ ಚಟ ನಿಂತಿಲ್ಲ.

1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬಾಡರ್‌ಸ್ಟೆನ್ ತಂಡ ಒಂಟಿ ಬೇರಿನ ಹಲ್ಲುಗಳಲ್ಲಿ ವಸಡು-ಹಲ್ಲಿನ ನಡುವಿನ ಆಳವಾದ ಸಂದುಗಳೂ ಬರೀ ಸ್ಕೇಲಿಂಗ್‌ನಿಂದಲೇ, ಅಂದರೆ ಪಾಚಿ ಕೆರೆದು ತೆಗೆಯುವುದರಿಂದಲೇ, ಗುಣವಾಗುವುದನ್ನು ತೋರಿಸಿತು. ಕವಲು ಬೇರಿನ ದವಡೆ ಹಲ್ಲುಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 1982ರಲ್ಲಿ ನೈಮನ್, ಲಿಂಡೆ ಮತ್ತು ಸಂಗಡಿಗರು ವಸಡಿನ ಕೋಶಗಳು ಒಳನುಗ್ಗದಂತೆ ಪೊರೆಯೊಂದನ್ನು ಅಡ್ಡವಿಟ್ಟು, ಬೇರಿನ ಸುತ್ತ ಹೊಸ ಹಿಡಿತ ಬೆಳೆಯುವುದನ್ನು ಮನುಷ್ಯನ ಹಲ್ಲಿನಲ್ಲೇ ಕಂಡರು. ಕತ್ತರಿಸುವ ಶಸ್ತ್ರಚಿಕಿತ್ಸೆ ಬೆಳೆಸುವ ಶಸ್ತ್ರಚಿಕಿತ್ಸೆಯಾದದ್ದು ಆಗ. ಒಂದು ಮಿತಿಯುಂಟು: ಗುಂಡಿಯಂತೆ ಇಳಿದ ಎಲುಬನ್ನು ತುಂಬಬಹುದು, ಎಲ್ಲ ಕಡೆ ಸಮನಾಗಿ ತಗ್ಗಿದ ಎಲುಬನ್ನು ಮೇಲೇರಿಸುವುದು ಇಂದಿಗೂ ಆಗದ ಕೆಲಸ.

ಈ ಕಥೆಗೆ ಬೆಂಗಳೂರಿನ ಪಾಲು ದೊಡ್ಡದು. ಅಲ್ಲಿನ ಸರ್ಕಾರಿ ದಂತ ಕಾಲೇಜಿನಲ್ಲಿ ಡಾ. ಎ.ಆರ್. ಪ್ರದೀಪ್ ಮತ್ತು ಸಹೋದ್ಯೋಗಿಗಳು ಸಿಮ್ವಾಸ್ಟ್ಯಾಟಿನ್, ಮೆಟ್‌ಫಾರ್ಮಿನ್, ಅಲೆಂಡ್ರೊನೇಟ್‌ಗಳಂಥ ಅಗ್ಗದ ಔಷಧಗಳನ್ನು ಜೆಲ್ ಮಾಡಿ ಸ್ಕೇಲಿಂಗ್ ನಂತರ ಸಂದಿಗೆ ತುಂಬಿದರು. ಖಾಲಿ ಜೆಲ್‌ಗಿಂತ ಎಲುಬು ಹೆಚ್ಚು ತುಂಬಿತೆಂದು 2010ರಿಂದೀಚೆಗೆ ಸಾಲುಸಾಲಾಗಿ ವರದಿ ಮಾಡಿದರು. ಬಡ ರೋಗಿಗೆ ಕತ್ತಿಯಿಲ್ಲದ ದಾರಿ! ಆದರೆ 2020ರ ಯುರೋಪಿನ ಮಾರ್ಗಸೂಚಿ ಈ ಜೆಲ್‌ಗಳನ್ನು ಬಳಸಬೇಡಿ ಎಂದಿತು. ಪ್ರಯೋಗಗಳು ಹೆಚ್ಚುಕಡಿಮೆ ಒಂದೇ ತಂಡದವು ಎಂಬುದು ಮುಖ್ಯ ಅಡ್ಡಿ. ತಕರಾರು ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದದ್ದು ರಾಯಚೂರು, ಕಲಬುರಗಿಯಂಥ ಕಡೆಯ ಕಾಲೇಜುಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುವ ಮೂಲಕ. ರೋಗಿಯ ರಕ್ತವನ್ನೇ ಯಂತ್ರದಲ್ಲಿ ತಿರುಗಿಸಿ ತೆಗೆದ ಪಿ.ಆರ್.ಎಫ್. ಜಿಗುಟನ್ನು ಶಸ್ತ್ರಚಿಕಿತ್ಸೆಯ ವೇಳೆ ಎಲುಬಿನ ಗುಂಡಿಗೆ ತುಂಬುವ ವಿಧಾನವನ್ನೂ ಇದೇ ತಂಡ 2011ರಲ್ಲಿ ಪರೀಕ್ಷಿಸಿತು. ಅದಕ್ಕೆ ಬೇಕಾದದ್ದು ಒಂದು ಸೆಂಟ್ರಿಫ್ಯೂಜ್, ಕೆಲವು ಟ್ಯೂಬು.

ಈಗಿನ ಕ್ರಮದಲ್ಲಿ ಮೊದಲು ಹಲ್ಲುಜ್ಜುವ ರೀತಿ ತಿದ್ದುವುದು, ತಂಬಾಕು ಬಿಡಿಸುವುದು, ಸಕ್ಕರೆ ಹಿಡಿತಕ್ಕೆ ತರುವುದು. ಆಮೇಲೆ ವಸಡಿನ ಕೆಳಗಿನ ಸ್ಕೇಲಿಂಗ್. ಮರುಪರೀಕ್ಷೆಯಲ್ಲಿ ಸಂದು 6 ಮಿ.ಮೀ. ಅಥವಾ ಹೆಚ್ಚು ಉಳಿದರೆ ಶಸ್ತ್ರಚಿಕಿತ್ಸೆಯ ಮಾತು. ಅಲ್ಲಿಗೆ ಮುಗಿಯುವುದಿಲ್ಲ: 3ರಿಂದ 12 ತಿಂಗಳಿಗೊಮ್ಮೆ ತಪಾಸಣೆ, ಬದುಕಿರುವವರೆಗೆ. ಅದಕ್ಕೆ ರಾಯಚೂರಿನ ಕಾಲೇಜಿಗೆ ಬಸ್ಸು ಹತ್ತಬೇಕಿಲ್ಲ. ದಂತ ವೈದ್ಯರಿರುವ ತಾಲ್ಲೂಕು ಆಸ್ಪತ್ರೆ ಸಾಕು.