ಆರು ತಂತಿಗಳ ಕಥೆ

ಹದಿನೆಂಟು ಇಪ್ಪತ್ತು ವರ್ಷದ ಹಿಂದಿನ ಮಾತು. ಪುಣೆಗೆ ಬಂದ ಹೊಸತು. ಮೊದಲ ಆನ್‌ಸೈಟ್‌ನಲ್ಲಿ ಉಳಿಸಿದ ದುಡ್ಡು ಕೈಯಲ್ಲಿತ್ತು. ಒಂದು ಶನಿವಾರ ರೈಲು ಹತ್ತಿ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಸರೌಂಡ್‌ನಲ್ಲಿ ಸಂಗೀತ ಕೇಳಬೇಕು, ಅದರಲ್ಲೇ ಸಿನಿಮಾನೂ ನೋಡಬೇಕು, ಅದಕ್ಕೊಂದು ಪ್ರೀಆಂಪ್ ಬೇಕು ಅಂದೆ. ಅಂಗಡಿಯ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮೊದಲು ಇದು ಹೇಳಿ, ಸಂಗೀತಕ್ಕಾ ಸಿನಿಮಾಕ್ಕಾ?" ಎಂದು ಹಿಂದಿಯಲ್ಲಿ ಕೇಳಿದರು. ಎರಡಕ್ಕೂ ಅಂದೆ. "ಹಾಗಾದರೆ ಎರಡು ಪೆಟ್ಟಿಗೆ ತಗೊಳ್ಳಿ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಆಗ ಅದು ವ್ಯಾಪಾರದ ಮಾತು ಅನ್ನಿಸಿತ್ತು. ಕಳೆದ ತಿಂಗಳು ಹಿಂಜವಡಿಯಲ್ಲಿ ಫ್ಲ್ಯಾಟ್ ಕೊಂಡ ಗೆಳೆಯನೊಬ್ಬ ಫೋನ್ ಮಾಡಿ ನನ್ನ ಹಳೇ ಪ್ರಶ್ನೆಯನ್ನೇ ಕೇಳಿದ. ಅವನಿಗೆ ಬೇಕಾಗಿದ್ದು ಒಂದು ಮಾಡೆಲ್ ನಂಬರ್. ನಾನು 1931ರಿಂದ ಶುರು ಮಾಡಿದೆ. ಅವನು ಅರ್ಧಕ್ಕೇ ಫೋನ್ ಇಟ್ಟ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರೀಆಂಪ್ ಎಂದರೆ ಬಹಳ ದೊಡ್ಡದೇನಲ್ಲ. ಯಾವ ಯಂತ್ರದ ಶಬ್ದ ಕೇಳಬೇಕೆಂದು ಆರಿಸುವುದು, ಅದರ ಏರಿಳಿತವನ್ನು ಹಿಡಿತದಲ್ಲಿಡುವುದು, ಆಮೇಲೆ ಸ್ಪೀಕರ್ ಓಡಿಸುವ ಪವರ್ ಆಂಪಿಗೆ ದಾಟಿಸುವುದು. ಎರಡು ಸ್ಪೀಕರಿನ ಕಾಲದಲ್ಲಿ ಇಷ್ಟೇ ಇತ್ತು. ಸ್ಪೀಕರ್ ಐದಾರು ಆದಮೇಲೆ ಯಾವ ಶಬ್ದ ಯಾವ ಸ್ಪೀಕರಿಗೆ ಹೋಗಬೇಕೆಂಬ ಪಂಚಾಯ್ತಿಕೆಯೂ ಇದರ ತಲೆಗೇ ಬಿತ್ತು. ತಂಟೆ ಶುರುವಾದದ್ದು ಅಲ್ಲಿ.

ಮೂಲದಲ್ಲಿ ಸಂಗೀತ ಮತ್ತು ಸಿನಿಮಾ ಎರಡೂ ಒಂದೇ ಮನೆಯ ಮಕ್ಕಳು. 1931ರಲ್ಲಿ ಲಂಡನ್ನಿನ ಇಎಂಐ ಕಂಪನಿಯಲ್ಲಿ ಅಲನ್ ಬ್ಲಮ್‌ಲೈನ್ ಎಂಬ 28 ವರ್ಷದ ಎಂಜಿನಿಯರ್ ಇದ್ದ. ಸಿನಿಮಾ ನೋಡಲು ಹೋದಾಗ ಪರದೆಯ ಮೇಲಿನ ಮನುಷ್ಯ ಒಂದು ಬದಿಗೆ ನಡೆದರೂ ದನಿ ಮಾತ್ರ ನಿಂತಲ್ಲೇ ನಿಂತಿರುವುದು ಅವನಿಗೆ ಕಿರಿಕಿರಿಯಾಯಿತಂತೆ. ಆ ವರ್ಷದ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ನಾವು ಇವತ್ತು ಸ್ಟೀರಿಯೋ ಎನ್ನುವುದರ ಬಹುಪಾಲು ಇದೆ. ಹುಟ್ಟಿದ್ದು ಸಿನಿಮಾದ ದೂರಿನಿಂದ. ಆದರೆ 1934ರಲ್ಲಿ ಅದನ್ನು ಅವನು ಒರೆಗೆ ಹಚ್ಚಿದ್ದು ಅಬ್ಬೆ ರೋಡ್ ಸ್ಟುಡಿಯೋದಲ್ಲಿ, ಥಾಮಸ್ ಬೀಚಮ್ ನಡೆಸುತ್ತಿದ್ದ ಮೊಜಾರ್ಟ್ ಸಿಂಫನಿಯ ಮೇಲೆ. 1942ರಲ್ಲಿ ರೇಡಾರ್ ಪರೀಕ್ಷೆಗೆಂದು ಹೋದ ವಿಮಾನ ಬಿದ್ದು ತೀರಿಕೊಂಡಾಗ ಅವನಿಗೆ ಇನ್ನೂ 38. ಸ್ಟೀರಿಯೋ ತಟ್ಟೆ ಅಂಗಡಿಗೆ ಬಂದದ್ದನ್ನು ಅವನು ನೋಡಲೇ ಇಲ್ಲ.

ಅತ್ತ ಅಮೆರಿಕದಲ್ಲಿ ಬೆಲ್ ಲ್ಯಾಬ್ಸ್‌ನವರು 1933ರಲ್ಲಿ ಫಿಲಡೆಲ್ಫಿಯಾದ ವಾದ್ಯವೃಂದವನ್ನು ಟೆಲಿಫೋನ್ ತಂತಿಯಲ್ಲಿ ವಾಷಿಂಗ್ಟನ್ನಿಗೆ ಕಳಿಸಿ ತೋರಿಸಿದರು. ಬಳಸಿದ್ದು ಎರಡಲ್ಲ, ಮೂರು ದಾರಿ: ಎಡ, ಮಧ್ಯ, ಬಲ. ವಾಷಿಂಗ್ಟನ್ನಿನಲ್ಲಿ ಕಂಟ್ರೋಲ್ ಹಿಡಿದು ಕೂತವನು ಸಂಗೀತ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೋವ್‌ಸ್ಕಿ. ಅದೇ ಸ್ಟೊಕೋವ್‌ಸ್ಕಿ 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ'ಕ್ಕೆ ಸಂಗೀತ ನಡೆಸಿದ. ಅದಕ್ಕಾಗಿ ಕಟ್ಟಿದ ಫ್ಯಾಂಟಾಸೌಂಡ್ ವ್ಯವಸ್ಥೆಯಲ್ಲಿ ಶಬ್ದ ಪ್ರೇಕ್ಷಕರ ಸುತ್ತಲೂ ಓಡಾಡುತ್ತಿತ್ತು. ಖರ್ಚು ವಿಪರೀತ, ಮೇಲೆ ಯುದ್ಧ ಬೇರೆ. ಕೆಲವೇ ಚಿತ್ರಮಂದಿರಗಳಿಗೆ ಅದು ಮುಗಿಯಿತು. ಅಲ್ಲಿಯವರೆಗೆ 'ಸಂಗೀತಕ್ಕಾ ಸಿನಿಮಾಕ್ಕಾ' ಎಂಬ ಪ್ರಶ್ನೆಗೆ ಅರ್ಥವೇ ಇರಲಿಲ್ಲ.

ಪಾಲು ಮಾಡಿಸಿದ್ದು ಒಂದು ಗೀರು. ಎಲ್‌ಪಿ ತಟ್ಟೆಯ ಗೀರಿಗೆ ಇರುವುದು ಎರಡೇ ಗೋಡೆ. 1957–58ರಲ್ಲಿ ಒಂದು ಗೋಡೆಗೆ ಎಡ, ಇನ್ನೊಂದಕ್ಕೆ ಬಲ ಎಂದು ಕೆತ್ತಿ ಸ್ಟೀರಿಯೋ ಮನೆಗೆ ಬಂತು. ಬೆಲ್ ಲ್ಯಾಬ್ಸ್‌ನ ಮಧ್ಯದ ದಾರಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಿನಿಮಾಕ್ಕೆ ಈ ಬಡತನ ಇರಲಿಲ್ಲ. ಫಿಲ್ಮಿನ ಅಂಚಿಗೆ ಮ್ಯಾಗ್ನೆಟಿಕ್ ಪಟ್ಟಿ ಬಳಿದು 1953ರ 'ದ ರೋಬ್' ಚಿತ್ರದಲ್ಲಿ ಮುಂದೆ ಮೂರು, ಹಿಂದೆ ಒಂದು ದಾರಿ ಕೊಟ್ಟರು. 70 ಎಂಎಂನಲ್ಲಿ ಅದು ಆರಾಯಿತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಶೋಲೆ' 1975ರಲ್ಲಿ ಮುಂಬೈಯ ಮಿನರ್ವಾದಲ್ಲಿ 70 ಎಂಎಂ ಸ್ಟೀರಿಯೋಫೋನಿಕ್ ಆಗಿ ಓಡುತ್ತಿದ್ದಾಗ, ಅದೇ ಚಿತ್ರದ ತಟ್ಟೆ ತಂದು ಮನೆಯಲ್ಲಿ ಹಾಕಿದವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಎರಡು ದಾರಿ. ನಮ್ಮ ಮನೆಯಂಥ ಕಡೆ ಒಂದೇ.

ಸಂಗೀತದವರೂ ಸುಮ್ಮನೆ ಕೂರಲಿಲ್ಲ. 1970ರ ದಶಕದ ಮೊದಲಲ್ಲಿ ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಬಂತು. ಸಿಬಿಎಸ್‌ನವರದು ಎಸ್‌ಕ್ಯೂ, ಸಾನ್ಸೂಯಿಯದು ಕ್ಯೂಎಸ್, ಜೆವಿಸಿಯದು ಸಿಡಿ-4. ಒಬ್ಬರ ತಟ್ಟೆ ಇನ್ನೊಬ್ಬರ ಡಿಕೋಡರಿನಲ್ಲಿ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ಮೂರು ವೆಂಡರುಗಳು ಮೂರು ಸ್ಟ್ಯಾಂಡರ್ಡ್ ಹಿಡಿದು ಕೂತಾಗ ಏನಾಗುತ್ತದೋ ಅದೇ ಆಯಿತು: ಗಿರಾಕಿ ಮೂವರನ್ನೂ ಬಿಟ್ಟ. ದಶಕ ಮುಗಿಯುವ ಹೊತ್ತಿಗೆ ಕ್ವಾಡ್ ಅಟ್ಟ ಸೇರಿತ್ತು.

ಆದರೆ ಅದರ ಬುದ್ಧಿ ಸಾಯಲಿಲ್ಲ. ನಾಲ್ಕು ದಾರಿಯ ಶಬ್ದವನ್ನು ಎರಡರೊಳಗೆ ಮಡಚಿಟ್ಟು ಆಮೇಲೆ ಬಿಡಿಸುವ ಮ್ಯಾಟ್ರಿಕ್ಸ್ ಉಪಾಯವನ್ನು ರೇ ಡಾಲ್ಬಿಯ ಕಂಪನಿ ಎತ್ತಿಕೊಂಡಿತು. ಈ ಡಾಲ್ಬಿ ಕಂಪನಿ ಕಟ್ಟುವ ಮೊದಲು 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರನಾಗಿ ಭಾರತದಲ್ಲೇ ಇದ್ದವನು. 1970ರ ದಶಕದ ನಡುವಿನಲ್ಲಿ ಬಂದ ಡಾಲ್ಬಿ ಸ್ಟೀರಿಯೋ, ಫಿಲ್ಮಿನ ಎರಡು ಆಪ್ಟಿಕಲ್ ಪಟ್ಟಿಯಲ್ಲಿ ಎಡ, ಮಧ್ಯ, ಬಲ, ಹಿಂದೆ ನಾಲ್ಕನ್ನೂ ತುಂಬಿತು. 1977ರ 'ಸ್ಟಾರ್ ವಾರ್ಸ್' ಅದನ್ನು ಮನೆಮಾತು ಮಾಡಿತು. ವಿಡಿಯೋ ಕ್ಯಾಸೆಟ್ಟಿನಲ್ಲೂ ಎರಡು ಪಟ್ಟಿ ಇದ್ದುದರಿಂದ ಮಡಚಿಟ್ಟ ಶಬ್ದ ಹಾಗೆಯೇ ಮನೆಗೆ ಬಂದುಬಿಟ್ಟಿತು. 1982ರಲ್ಲಿ ಡಾಲ್ಬಿ ಸರೌಂಡ್, 1987ರಲ್ಲಿ ಪ್ರೊ ಲಾಜಿಕ್. ಸಂಗೀತ ತರಲಾರದೆ ಸೋತಿದ್ದ ಹಿಂದಿನ ಸ್ಪೀಕರನ್ನು ಸಿನಿಮಾ ಹಾಲ್‌ಗೆ ತಂದು ನಿಲ್ಲಿಸಿತು. ಬರುವಾಗ ತನ್ನ ಕಾನೂನನ್ನೂ ತಂದಿತು.

ಆ ಕಾನೂನು ಬರೆದವನ ಹೆಸರು ಟಾಮ್ಲಿನ್ಸನ್ ಹೋಲ್ಮನ್. 1970ರ ದಶಕದ ಕೊನೆಯಲ್ಲಿ ಆಪ್ಟ್ ಹೋಲ್ಮನ್ ಎಂಬ ಪ್ರೀಆಂಪ್ ಮಾಡಿ ಸಂಗೀತ ಕೇಳುವವರಲ್ಲಿ ಹೆಸರಾದವನು. ಅಪ್ಪಟ ಎರಡು ದಾರಿಯ ಸಂಗೀತದ ಪೆಟ್ಟಿಗೆ ಅದು. ಅಲ್ಲಿಂದ ಅವನು ಲ್ಯೂಕಾಸ್‌ಫಿಲ್ಮ್ ಸೇರಿ 1983ರಲ್ಲಿ ಚಿತ್ರಮಂದಿರಗಳಿಗೆ ಟಿಎಚ್‌ಎಕ್ಸ್ ತಂದ, ಆಮೇಲೆ ಅದರ ಮನೆ ಆವೃತ್ತಿಯನ್ನೂ. 80 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸಬ್‌ವೂಫರಿಗೆ; ಚಿತ್ರಮಂದಿರಕ್ಕೆಂದು ಮಾಡಿದ ಶಬ್ದ ಮನೆಯಲ್ಲಿ ಕಿವಿಗೆ ಚುಚ್ಚುವುದರಿಂದ ಮೇಲಿನ ಸ್ವರಗಳನ್ನು ಕೊಂಚ ತಗ್ಗಿಸುವುದು; ಹಿಂದಿನ ಸ್ಪೀಕರುಗಳು ಡೈಪೋಲ್ ಆಗಿರಬೇಕು, ಅಂದರೆ ಶಬ್ದವನ್ನು ನೇರ ಕಿವಿಗೆ ಕಳಿಸದೆ ಗೋಡೆಗಳ ಕಡೆ ಚೆಲ್ಲಬೇಕು. ಮನೆಯ ಸಿನಿಮಾ ಪ್ರೀಆಂಪುಗಳು ಹುಟ್ಟಿದ್ದು ಈ ಕಟ್ಟಳೆಯ ಒಳಗೆ.

ಚೆಲ್ಲುವುದು ಯಾಕೆ ಎಂದರೆ, ಪ್ರೇಕ್ಷಕ ತಿರುಗಿ ನೋಡಬಾರದು. ಹಿಂದಿನಿಂದ ಬಂದ ಶಬ್ದಕ್ಕೆ ಕತ್ತು ತಿರುಗಿಸಿದರೆ ಕಾಣುವುದು ಚಿತ್ರಮಂದಿರದ ಬಾಗಿಲ ಮೇಲಿನ 'ಎಕ್ಸಿಟ್' ಫಲಕ. ಅಲ್ಲಿಗೆ ಕಥೆ ಕೆಟ್ಟಿತು. ಸಂಗೀತದ್ದು ಬೇರೆ ಲೆಕ್ಕ. 1990ರ ದಶಕದಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿದ ನಕಾಶೆಯಲ್ಲಿ ಐದೂ ಸ್ಪೀಕರ್ ಕೇಳುಗನ ಸುತ್ತ ಒಂದೇ ದೂರದಲ್ಲಿರುತ್ತವೆ: ಮುಂದಿನವು ಮಧ್ಯದಿಂದ 30 ಡಿಗ್ರಿ, ಹಿಂದಿನವು 110 ಡಿಗ್ರಿಯ ಆಸುಪಾಸು, ಎಲ್ಲದರ ಮುಖವೂ ಕೇಳುಗನ ಕಡೆ. ಹಿಂದಿನಿಂದ ಬರಬೇಕಾದ್ದು ಹೆಲಿಕಾಪ್ಟರ್ ಅಲ್ಲ, ಸಭಾಂಗಣ.

ಇದು ನನಗೆ ತಿಳಿದದ್ದು ಅಪ್ಪನಿಂದ. 2007ರಲ್ಲಿ ಅಪ್ಪ ದಾವಣಗೆರೆಯಿಂದ ಬಂದಿದ್ದರು. ಜನ್ಮಪೂರ್ತಿ ಒಂದೇ ಸ್ಪೀಕರಿನ ರೇಡಿಯೋ ಕೇಳಿದ ಜೀವ. ಕುರ್ಚಿಯಲ್ಲಿ ಕೂರಿಸಿ, ಒಂದು ಕಛೇರಿಯಲ್ಲಿ ನೇರ ಧ್ವನಿಮುದ್ರಿಸಿದ ಪಾಶ್ಚಾತ್ಯ ವಾದ್ಯಸಂಗೀತದ ಡಿಸ್ಕ್ ಹಾಕಿದೆ. ಸಂಗೀತದ ಬಗ್ಗೆ ಏನೂ ಹೇಳಲಿಲ್ಲ. ಒಂದು ಹೊತ್ತಿನಲ್ಲಿ ಥಟ್ಟನೆ ಹಿಂದೆ ತಿರುಗಿ, "ಯಾರೋ ಕೆಮ್ಮಿದರಲ್ಲೋ" ಅಂದರು. ಅಲ್ಲಿದ್ದದ್ದು ನಮ್ಮ ಬಟ್ಟೆ ಒಣಹಾಕುವ ಸ್ಟ್ಯಾಂಡ್. ಸಿನಿಮಾದವರ ಲೆಕ್ಕದಲ್ಲಿ ಅದು ಸೋಲು. ಸಂಗೀತದವರ ಲೆಕ್ಕದಲ್ಲಿ ಆ ಕೆಮ್ಮೇ ಗೆಲುವು.

ಆ ಡಿಸ್ಕು ಎಸ್‌ಎಸಿಡಿ. ಕಥೆಯ ಕೆಟ್ಟ ಅಧ್ಯಾಯ ಇದೇ. ಡಿವಿಡಿ 1996ರಲ್ಲಿ ಜಪಾನಿನಲ್ಲಿ ಬಂದು, ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಮನೆಯಲ್ಲಿ ನೆಲೆಸಿ, ಜನರ ಹಾಲ್‌ನಲ್ಲಿ ಐದು ಸ್ಪೀಕರ್ ಅದಾಗಲೇ ಬರುತ್ತಿದ್ದವು. ಸಂಗೀತಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಇರಲಿಲ್ಲ. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಎಸ್‌ಎಸಿಡಿ ತಂದರು. ಮರುವರ್ಷ ಎದುರು ಪಾಳೆಯದವರು ಡಿವಿಡಿ-ಆಡಿಯೋ ತಂದರು. ಎರಡಕ್ಕೂ ಬೇರೆ ಬೇರೆ ಪ್ಲೇಯರ್. ಕ್ವಾಡ್‌ನಿಂದ ಯಾರೂ ಏನೂ ಕಲಿತಿರಲಿಲ್ಲ. ಅದಕ್ಕಿಂತ ದೊಡ್ಡದು ಕಳ್ಳರ ಭಯ. ನ್ಯಾಪ್‌ಸ್ಟರ್‌ನ ಕಾಲ ಅದು. ಉತ್ತಮ ದರ್ಜೆಯ ಡಿಜಿಟಲ್ ಶಬ್ದವನ್ನು ಬರಿಯ ತಂತಿಯಲ್ಲಿ ಹೊರಗೆ ಬಿಟ್ಟರೆ ಎಲ್ಲರೂ ನಕಲು ಮಾಡುತ್ತಾರೆ ಎಂದು ಕಂಪನಿಗಳು ಆ ಬಾಗಿಲನ್ನೇ ಮುಚ್ಚಿದವು. ಡಿಸ್ಕಿನಿಂದ ಶಬ್ದ ಹೊರಬರಬೇಕಾದರೆ ಪ್ಲೇಯರಿನ ಹಿಂಬದಿಯಿಂದ ಆರು ಅನಲಾಗ್ ತಂತಿ ಎಳೆಯಬೇಕು, ಪ್ರೀಆಂಪಿನಲ್ಲಿ ಅದಕ್ಕೆ ಆರು ರಂಧ್ರ ಇರಬೇಕು.

ರಂಧ್ರ ಇದ್ದರೂ ಸುಖವಿರಲಿಲ್ಲ. ಹೆಚ್ಚಿನ ಪ್ರೀಆಂಪುಗಳಲ್ಲಿ ಆ ಆರು ದಾರಿ ನೇರ ವಾಲ್ಯೂಮಿಗೆ ಹೋಗುತ್ತಿತ್ತು. ಒಳಗಿನ ಕಂಪ್ಯೂಟರಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿ 80 ಹರ್ಟ್ಸ್ ಪಾಲು ಮಾಡುವ ಕೆಲಸ ಇಲ್ಲ, ಹತ್ತಿರದ ಸ್ಪೀಕರನ್ನು ಕೊಂಚ ತಡೆದು ದೂರದ್ದಕ್ಕೆ ಹೊಂದಿಸುವ ಕೆಲಸವೂ ಇಲ್ಲ. ಸಬ್‌ವೂಫರಿನ ದಾರಿಯನ್ನು ಸಿನಿಮಾ ಪದ್ಧತಿಯಲ್ಲಿ 10 ಡೆಸಿಬೆಲ್ ಎತ್ತಬೇಕು. ಇಲ್ಲಿ ಅದನ್ನು ಎತ್ತುವವರು ಯಾರು ಎಂಬುದು ಪ್ಲೇಯರಿಗೂ ಪ್ರೀಆಂಪಿಗೂ ತೀರ್ಮಾನವಾಗದೆ ಮೃದಂಗದಂಥ ತುಂಬು ದನಿಯೂ ಡಬ್ಬಿ ಬಡಿದಂತೆ ಕೇಳುತ್ತಿತ್ತು. ಕೆಲವು ದುಬಾರಿ ಪೆಟ್ಟಿಗೆಗಳು ಬಂದ ಅನಲಾಗನ್ನು ಮತ್ತೆ ಡಿಜಿಟಲ್ ಮಾಡಿ ಸರಿಪಡಿಸುತ್ತಿದ್ದವು. ಅಷ್ಟು ಸುತ್ತಾಡಿಸುವುದಾದರೆ ಈ ಡಿಸ್ಕ್ ಯಾಕೆ ಎಂದು ಶುದ್ಧಶ್ರೋತ್ರಿಯರು ರೇಗುತ್ತಿದ್ದರು. ನಾನು ತಂದದ್ದು ಮಧ್ಯಮ ಬೆಲೆಯದು. ಸಿನಿಮಾ ಬೊಂಬಾಟ್, ಸಂಗೀತ ಸೊರಗಿದ ಹಾಗೆ. ಸುಮಾರು ಒಂದು ವರ್ಷ ಡಿಸ್ಕನ್ನೇ ಬೈದೆ. ಲ್ಯಾಮಿಂಗ್ಟನ್ ರಸ್ತೆಯ ಹಿರಿಯರು ಹೇಳಿದ್ದು ಸರಿಯೇ ಇತ್ತು. ಆ ಕಾಲಕ್ಕೆ ಎರಡು ಪೆಟ್ಟಿಗೆಯೇ ಉತ್ತರ: ಒಂದು ಒಳ್ಳೆ ಸ್ಟೀರಿಯೋ ಪ್ರೀಆಂಪ್, ಅದರಲ್ಲಿ ಸಿನಿಮಾ ಪೆಟ್ಟಿಗೆಯ ಎಡಬಲಗಳನ್ನು ಹಾಗೆಯೇ ದಾಟಿಸುವ ಬೈಪಾಸ್ ದಾರಿ.

ಬೀಗ ತೆಗೆದದ್ದು ಎಚ್‌ಡಿಎಂಐ. ಕಳ್ಳತನಕ್ಕೆ ಅದರೊಳಗೇ ಬೇಲಿ ಇದ್ದುದರಿಂದ ಕಂಪನಿಗಳು ಒಪ್ಪಿದವು. 2004ರ 1.1 ಆವೃತ್ತಿಗೆ ಡಿವಿಡಿ-ಆಡಿಯೋ, 2005ರ 1.2ಕ್ಕೆ ಎಸ್‌ಎಸಿಡಿ, 2006ರ 1.3ಕ್ಕೆ ಬ್ಲೂ-ರೇಯ ಹೊಸ ಡಾಲ್ಬಿ, ಡಿಟಿಎಸ್. ಆರು ತಂತಿಯ ಜಾಗಕ್ಕೆ ಒಂದು ತಂತಿ ಬಂತು, ಸಂಗೀತವೂ ಸಿನಿಮಾವೂ ಒಂದೇ ಕಂಪ್ಯೂಟರಿನ ಮೂಲಕ ಹೋಗತೊಡಗಿದವು. ಅಷ್ಟರಲ್ಲಿ ಜನ ಐಪಾಡ್ ಹಿಡಿದು ಹೊರಟುಹೋಗಿದ್ದರು. ಬೀಗ ತೆಗೆದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಸಂಗೀತದ ಸರೌಂಡ್ ಮತ್ತೆ ಜನರ ಬಳಿ ಬಂದದ್ದು 2021ರಲ್ಲಿ ಆಪಲ್ ಮ್ಯೂಸಿಕ್ ಮೂಲಕ, ಅದೂ ಮೊದಲು ಚಿತ್ರಮಂದಿರಕ್ಕೆಂದು ಮಾಡಿದ ಡಾಲ್ಬಿ ಆಟ್ಮೋಸ್ ಅಂಗಿ ತೊಟ್ಟು.

ಹೀಗಾಗಿ ಗೆಳೆಯನಿಗೆ ಆಮೇಲೆ ವಾಟ್ಸಾಪಿನಲ್ಲಿ ಬರೆದದ್ದು ಇಷ್ಟು. ಎರಡು ಪೆಟ್ಟಿಗೆ ಬೇಡ, ಈಗ ಒಂದು ಸಾಕು. ಎಷ್ಟು ಫಾರ್ಮ್ಯಾಟಿನ ಲಾಂಛನ ಇದೆ ಎಂದು ಎಣಿಸಬೇಡ, ಎಲ್ಲದರಲ್ಲೂ ಇರುತ್ತದೆ. ಕೋಣೆ ಅಳೆದು ಬೇಸ್ ಸರಿಪಡಿಸುವ ವ್ಯವಸ್ಥೆ ಹೇಗಿದೆ, ಸಂಗೀತಕ್ಕೊಂದು ಸಿನಿಮಾಕ್ಕೊಂದು ಹೊಂದಾಣಿಕೆ ಬೇರೆ ಬೇರೆ ಉಳಿಸಿಕೊಳ್ಳುತ್ತದೆಯೇ ನೋಡು. ಹಿಂದಿನ ಸ್ಪೀಕರ್ ಡೈಪೋಲ್ ಬೇಡ, ಮಾಮೂಲಿಯದೇ ಇರಲಿ. ಸೋಫಾವನ್ನು ಗೋಡೆಗೆ ಅಂಟಿಸಬೇಡ, ಮೂರಡಿ ಬಿಡು.

ನನ್ನದೇ ಪಾಡು ಬೇರೆ. ಹೋದ ವರ್ಷ ಹಳೇ ಪ್ರೀಆಂಪ್ ಕೈಕೊಟ್ಟಿತು. ಹೊಸದು ನೋಡಲು ಹೋದರೆ ಬಹುಪಾಲಿನ ಹಿಂಬದಿಯಲ್ಲಿ ಆ ಆರು ರಂಧ್ರಗಳೇ ಇಲ್ಲ, ನನ್ನ ಪ್ಲೇಯರಿನಲ್ಲಿ ಎಚ್‌ಡಿಎಂಐ ಇಲ್ಲ. ಇರುವ ನಲವತ್ತು ಡಿಸ್ಕಿನಲ್ಲಿ ಕೆಲವು ಬೇರೆಲ್ಲೂ ಸಿಗುವುದಿಲ್ಲ. 1970ರ ದಶಕದಲ್ಲಿ ಫಿಲಿಪ್ಸ್ ನಾಲ್ಕು ದಾರಿಯಲ್ಲಿ ಮುದ್ರಿಸಿ ಇಟ್ಟುಕೊಂಡಿದ್ದ ಟೇಪುಗಳನ್ನು ಪೆಂಟಾಟೋನ್ ಎಂಬ ಸಣ್ಣ ಕಂಪನಿ ಮೂವತ್ತು ವರ್ಷದ ಮೇಲೆ ಎಸ್‌ಎಸಿಡಿಯಾಗಿ ತಂದದ್ದೂ ಅವುಗಳಲ್ಲಿವೆ. ಕೊನೆಗೆ ಎಸ್‌ಎಸಿಡಿಯನ್ನು ಎಚ್‌ಡಿಎಂಐಯಲ್ಲಿ ಕಳಿಸುವ ಒಂದು ಸೆಕೆಂಡ್‌ಹ್ಯಾಂಡ್ ಬ್ಲೂ-ರೇ ಪ್ಲೇಯರ್ ಚೆನ್ನೈನವರೊಬ್ಬರಿಂದ ತರಿಸಿಕೊಂಡೆ. ಟ್ರೇ ಒಮ್ಮೊಮ್ಮೆ ಹೊರಗೆ ಬರುವುದಿಲ್ಲ, ತಲೆಯ ಮೇಲೊಂದು ತಟ್ಟಬೇಕು. ಮೊದಲು ಹಾಕಿದ್ದು ಅಪ್ಪ ಕೇಳಿದ ಡಿಸ್ಕನ್ನೇ. ಕೆಮ್ಮು ಈ ಸಲ ಬಲಗಡೆ ಹಿಂದಿನಿಂದ, ಅಪ್ಪ ತಿರುಗಿ ನೋಡಿದ ಜಾಗಕ್ಕಿಂತ ಒಂದಡಿ ಆಚೆಯಿಂದ ಬಂತು. ಬಟ್ಟೆಯ ಸ್ಟ್ಯಾಂಡ್ ಈಗ ಬಾಲ್ಕನಿಯಲ್ಲಿದೆ.