ತಪ್ಪೊಪ್ಪಿಗೆ ಬರೆದುಕೊಂಡ ಸಾಹೇಬ

ರಜೆ ಬಂತೆಂದರೆ ಪತ್ತೇದಾರಿ ಕಾದಂಬರಿ ಹಿಡಿದು ಕೂರುವ ಚಟ ನನಗೆ ಬಿ.ಎಡ್. ಓದುವಾಗಲೇ ಅಂಟಿದ್ದು. ಅದರಲ್ಲೂ ಒಂದು ಬಗೆಯ ಕಥೆ ಸಿಕ್ಕರೆ ಒಲೆಯ ಮೇಲಿನ ಬೇಳೆ ಸೀದುಹೋದರೂ ಗೊತ್ತಾಗುವುದಿಲ್ಲ. ಒಬ್ಬ ಪತ್ರಕರ್ತ ಸುದ್ದಿಗೆಂದು ಕೊಲೆಗಾರನನ್ನು ಕಾಣಲು ಹೋಗುತ್ತಾನೆ. ಮೊದಲ ದಿನ ಅಸಹ್ಯ, ಎರಡನೆಯ ದಿನ ಕುತೂಹಲ, ಮೂರನೆಯ ದಿನ ಇವನೇ ಹೋಗಿ ಅವನ ಮುಂದೆ ಕೂರುತ್ತಾನೆ. ಕೊನೆಗೆ ಯಾರು ಯಾರ ಕೈಯಲ್ಲಿದ್ದಾರೆಂಬುದು ಓದುವವರಿಗೂ ತಿಳಿಯುವುದಿಲ್ಲ. ಇಂಥ ಕಥೆಗೆ ಮುಂಬಯಿ, ನ್ಯೂಯಾರ್ಕು ಬೇಕೆಂದೇನಿಲ್ಲ. ನಮ್ಮ ಹುಮನಾಬಾದಿನ ಹಾದಿಯಲ್ಲಿ ಓಡಾಡಿದ ಮನುಷ್ಯನೊಬ್ಬ ಸುಮಾರು ಇನ್ನೂರು ವರ್ಷಗಳ ಹಿಂದೆ ಇದನ್ನು ಬದುಕಿಯೂ ಬದುಕಿದ, ಬರೆದೂ ಬರೆದ. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್.

ನಮ್ಮ ಕಡೆಯವರಿಗೆ ಈ ಹಾದಿಯನ್ನು ವಿವರಿಸಬೇಕಾಗಿಲ್ಲ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ದಾರಿ ಹುಮನಾಬಾದನ್ನು ಹಾದು ಸಸ್ತಾಪುರ ಬಂಗ್ಲಾಕ್ಕೆ ಬರುತ್ತದೆ. ಅಲ್ಲಿಂದ ಒಳಗೆ ತಿರುಗಿದರೆ ಕಲ್ಯಾಣ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಬಸವಕಲ್ಯಾಣವಾಯಿತು. ಟೇಲರನ ಕಾಲಕ್ಕೆ ನಿಜಾಮರ ಕೈಕೆಳಗಿನ ನವಾಬರ ಕಲ್ಯಾಣಿ. ಮುಂದೆ ಹೋದರೆ ನಳದುರ್ಗ, ಅದರ ಆಚೆಗೆ ತುಳಜಾಪುರದ ಅಂಬಾಭವಾನಿ. ಈಗ ಈ ಹಾದಿಯ ಮೇಲೆ ರಾತ್ರಿಯಿಡೀ ಲಾರಿಗಳು ಓಡುತ್ತವೆ. ಆಗ ಹೊತ್ತು ಮುಳುಗಿದರೆ ಯಾರೂ ಹೊರಡುತ್ತಿರಲಿಲ್ಲ. ಹಗಲಲ್ಲೂ ಹತ್ತು ಜನ ಕೂಡಿಯೇ ಹೊರಡುತ್ತಿದ್ದರು. ನಮ್ಮ ಆಯಿ ತುಳಜಾಪುರಕ್ಕೆ ಹೊರಟವರಿಗೆಲ್ಲ ಒಂದು ಮಾತು ಹೇಳುತ್ತಿದ್ದಳು: “ಹಾದ್ಯಾಗ ಕೂಡಿದವ್ರ ಕೂಡ ನಗಬೇಕು, ಮಾತಾಡಬೇಕು, ಅವ್ರ ಬುತ್ತಿ ಮಾತ್ರ ಉಣಬಾರದು.” ಬಸ್ಸು ಬಂದು ಎಷ್ಟೋ ವರ್ಷಗಳಾಗಿದ್ದರೂ ಆಯಿಯ ಹೆದರಿಕೆ ಕಾಲುದಾರಿಯದೇ ಆಗಿತ್ತು.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದು ತುಂಬಿದ ಹುಡುಗ ಮುಂಬಯಿಯ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಕೆಲಸಕ್ಕೆಂದು 1824ರಲ್ಲಿ ಹಡಗಿಳಿದ. ಅಲ್ಲಿ ಲೆಕ್ಕಾಚಾರ ಕೂಡಿಬರದೆ ಅದೇ ವರ್ಷ ನಿಜಾಮರ ಚಾಕರಿಗೆ ಸೇರಿದ. ಇನ್ನೂ ಮೀಸೆ ಬಲಿಯದವನಿಗೆ ಭೀಮೆಯ ದಂಡೆಯವರೆಗೆ ಹಬ್ಬಿದ ನೈಋತ್ಯ ಭಾಗದ ಪೊಲೀಸ್ ಸಹಾಯಕ ಅಧಿಕಾರಿಯ ಕೆಲಸ ಸಿಕ್ಕಿತು. ಉರ್ದು, ಮರಾಠಿ ಕಲಿತ. ಕುದುರೆಯ ಮೇಲೆ ಊರೂರು ತಿರುಗಿದ. ದಸರೆ ಮುಗಿದ ಮೇಲೆ ಕೆಲವರು ವ್ಯಾಪಾರಕ್ಕೆಂದು ಊರು ಬಿಡುತ್ತಾರೆ, ಮಳೆಗಾಲದ ಹೊತ್ತಿಗೆ ಕೈತುಂಬ ಹಣದೊಂದಿಗೆ ಮರಳುತ್ತಾರೆ. ಅತ್ತ ಹಾದಿಯಲ್ಲಿ ಹೋದ ಪಯಣಿಗರು ಮನೆ ಮುಟ್ಟುವುದೇ ಇಲ್ಲ. ಏನೋ ನಡೆಯುತ್ತಿದೆ ಎಂಬ ಸಂಶಯ ಅವನಿಗೆ ಬಲವಾಗಿತ್ತು. ಅಷ್ಟರಲ್ಲಿ 1829ರಲ್ಲಿ ಹೊಸ ನಿಜಾಮರು ಗಾದಿಗೆ ಬಂದು ಇಂಗ್ಲಿಷ್ ಅಧಿಕಾರಿಗಳನ್ನು ಜಿಲ್ಲೆಗಳಿಂದ ತೆಗೆಸಿದರು. ಟೇಲರ್ ಮರಳಿ ಪಲ್ಟಣಿಗೆ ಹೋದ.

ಆ ‘ಏನೋ’ ಏನೆಂಬುದನ್ನು ಹೊರಗೆ ತಂದ ಕೀರ್ತಿ ಜಬಲ್‌ಪುರದ ಕಡೆಯ ಅಧಿಕಾರಿ ಸ್ಲೀಮನ್ನನಿಗೆ ಸಂದಿತು. ಅವರೇ ಠಗರು. ನಮ್ಮ ಕನ್ನಡದ ‘ಠಕ್ಕ’ನೂ ಈ ಠಗನೂ ಒಂದೇ ಬೇರಿನ ಮಕ್ಕಳು, ಆದರೆ ನಮ್ಮ ಠಕ್ಕ ದುಡ್ಡು ಹೊಡೆದು ಓಡಿಹೋಗುತ್ತಾನೆ, ಆ ಠಗ ಪ್ರಾಣವನ್ನೇ ತೆಗೆಯುತ್ತಿದ್ದ. ಪಯಣಿಗರ ಗುಂಪನ್ನು ಕೂಡಿಕೊಂಡು ದಿನಗಟ್ಟಲೆ ಜೊತೆಗೆ ನಡೆಯುವುದು, ಹಾಡು, ಕಥೆ, ನಗೆ. ಒಂದು ಸಂಜೆ ಯಾರೋ ‘ತಂಬಾಕು ತನ್ನಿ’ ಎನ್ನುತ್ತಾರೆ. ಅದೇ ಸಂಕೇತ. ಕರವಸ್ತ್ರ ಕುತ್ತಿಗೆಗೆ ಬೀಳುತ್ತದೆ. ಗುಂಡಿ ಮೊದಲೇ ತೋಡಿರುತ್ತದೆ. ಆಮೇಲೆ ಎಲ್ಲರೂ ಕೂತು ಬೆಲ್ಲ ತಿನ್ನುತ್ತಾರೆ. ಒಮ್ಮೆ ಆ ಬೆಲ್ಲದ ರುಚಿ ಹತ್ತಿದವನು ಮತ್ತೆ ಬೇರೆ ಕಸುಬಿಗೆ ಹೋಗಲಾರ ಎಂದು ಅವರಲ್ಲೊಬ್ಬ ಹೇಳಿದ್ದು ದಾಖಲಾಗಿದೆ. ನಮ್ಮ ತೆಂಕಣದ ಸೀಮೆಯಲ್ಲಿ ಇವರಿಗೆ ಫಾಂಸಿಗಾರರೆಂದು ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನಲ್ಲಿ ಸುಮಾರು ನೂರು ಜನ ಸಿಕ್ಕಿಬಿದ್ದಿದ್ದರು. ಆಗ ಯಾರೂ ಅದನ್ನು ದೊಡ್ಡದೆಂದು ಎಣಿಸಲಿಲ್ಲ. ಸ್ಲೀಮನ್ನನ ಸ್ಥಿತಿಯೂ ಏನು? ಅವನು ನರಸಿಂಗಪುರದಲ್ಲಿ 1822ರ ಸುಮಾರಿಗೆ ಅಧಿಕಾರಿಯಾಗಿದ್ದಾಗ ಅವನ ಕಚೇರಿಯಿಂದ ನಾನೂರು ಗಜ ದೂರದ ಕಂದೇಲಿಯಲ್ಲೇ ಠಗರ ತಂಡ ವಾಸವಾಗಿತ್ತು. ಅದು ಅವನಿಗೆ ತಿಳಿದದ್ದು ವರ್ಷಗಳ ನಂತರ.

ಹಿಡಿದದ್ದು ಹೇಗೆಂಬುದನ್ನು ಹೆಂಗಸರಾದ ನಾವು ಗಮನಿಸಬೇಕು. ಫಿರಂಗಿಯಾ ಎಂಬ ಹೆಸರಾಂತ ಠಗನನ್ನು ಹಿಡಿಯಲಾರದೆ ಅವನ ತಾಯಿಯನ್ನೂ ಹೆಂಡತಿಯನ್ನೂ ಮಗುವನ್ನೂ ಹಿಡಿದು ಕೂಡಿಹಾಕಿದರು. ಅವನು 1830ರ ಕೊನೆಯಲ್ಲಿ ಸಿಕ್ಕ. ಸಿಕ್ಕ ಮೇಲೆ ಒಪ್ಪಂದ: ಬಾಯಿ ಬಿಟ್ಟು ಜೊತೆಗಾರರ ಹೆಸರು ಹೇಳಿದರೆ ಗಲ್ಲಿಲ್ಲ. ಇಂಥವರಿಗೆ ಮಾಫಿ ಸಾಕ್ಷಿ ಎನ್ನುತ್ತಾರೆ. ಒಬ್ಬ ಹತ್ತು ಜನರ ಹೆಸರು ಹೇಳಿದ, ಆ ಹತ್ತರಲ್ಲಿ ಇಬ್ಬರು ಮತ್ತೆ ಇಪ್ಪತ್ತು ಜನರದು. 1836ರ ಕಾಯ್ದೆಯಂತೂ ಠಗರ ಗುಂಪಿಗೆ ಸೇರಿದವನೆಂದು ತೋರಿಸಿದರೆ ಸಾಕು, ಜೀವಾವಧಿ ಶಿಕ್ಷೆ ಎಂದಿತು. ಯಾವ ಕೊಲೆ, ಯಾವಾಗ ಎಂದು ಸಾಬೀತು ಮಾಡುವ ಗೋಜೂ ಇಲ್ಲ. ಇಡೀ ಹಿಂದೂಸ್ಥಾನಕ್ಕೆ ಹರಡಿದ ಒಂದೇ ಗುಪ್ತ ಪಂಥವಿತ್ತೆಂಬ ಸ್ಲೀಮನ್ನನ ಮಾತನ್ನು ಈಗಿನ ಇತಿಹಾಸಕಾರರು ಹಾಗೆಯೇ ನಂಬುವುದಿಲ್ಲ. ಕಿಮ್ ವ್ಯಾಗ್ನರ್ 2007ರಲ್ಲಿ ಬರೆದ ಪುಸ್ತಕದಲ್ಲಿ ಕೆಲಸ ತಪ್ಪಿದ ಸಿಪಾಯಿಗಳು, ಅವರಿಗೆ ನೆರಳು ಕೊಟ್ಟು ಪಾಲು ಪಡೆದ ಜಮೀನ್ದಾರರು ಕಾಣಿಸುತ್ತಾರೆ. ಕೊಲೆಗಳು ಸುಳ್ಳಲ್ಲ, ಹೆಣಗಳು ಸಿಕ್ಕಿವೆ. ಆದರೆ ಜೀವ ಉಳಿಸಿಕೊಳ್ಳಲು ಆಡಿದ ಮಾತಿನಲ್ಲಿ ಕೇಳುವವನಿಗೆ ಏನು ಬೇಕೋ ಅದೂ ಸ್ವಲ್ಪ ಬೆರೆತಿರುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ‘ಯಾರು ಮಾಡಿದ್ದು?’ ಎಂದು ಕೇಳುತ್ತ ಬಂದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ತಪ್ಪೊಪ್ಪಿಗೆಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ಟೇಲರ್ ತಾನಾಗಿಯೇ ಮುಂದೆ ಬಂದ. ದಿನದಿನವೂ ಕೊಲೆಯ ಕಥೆ. ಬೇಸರ ಬರುವಷ್ಟು ಒಂದೇ ತರಹ, ಆದರೂ ಬಿಡಲಾಗದ ಸೆಳೆತ ಎಂದು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. 1829ರಲ್ಲೇ ವಾಸನೆ ಹಿಡಿದಿದ್ದೆ, ಆ ಕೀರ್ತಿ ನನ್ನದಾಗಲಿಲ್ಲ ಎಂಬ ಕೊರಗನ್ನೂ ಮುಚ್ಚಿಡಲಿಲ್ಲ. ಬರೆಯುವವರ ಈ ಹೊಟ್ಟೆಕಿಚ್ಚು ನನಗೆ ಇಷ್ಟವಾಗುತ್ತದೆ. ಕನಿಷ್ಠ ಅವನು ಪರೋಪಕಾರಿಯ ವೇಷ ಹಾಕಲಿಲ್ಲ.

ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಬಂತು. ಜನ ಮುಗಿಬಿದ್ದರು. ಎಳೆಯ ವಿಕ್ಟೋರಿಯಾ ರಾಣಿ ಪುಸ್ತಕ ಹೊರಬರುವವರೆಗೂ ತಾಳಲಾರದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡಳೆಂದು ಹೇಳುತ್ತಾರೆ. ಕಥೆಯೆಲ್ಲ ಸೆರೆಮನೆಯಲ್ಲಿ ಕೂತ ಅಮೀರ್ ಅಲಿ ಎಂಬವನ ಬಾಯಿಂದಲೇ. ಎದುರಿಗೆ ಒಬ್ಬ ಸಾಹೇಬ ಕೇಳುತ್ತ ಕೂತಿದ್ದಾನೆ. ಅಮೀರ್ ಅಲಿ ರೂಪವಂತ, ಮಾತುಗಾರ, ಉಡುಗೆ ತೊಡುಗೆಯಲ್ಲಿ ಅಚ್ಚುಕಟ್ಟು. ಏಳುನೂರ ಹತ್ತೊಂಬತ್ತು ಕೊಲೆ ಮಾಡಿದ್ದಾನೆ. ಜೈಲಿಗೆ ಬೀಳದಿದ್ದರೆ ಸಾವಿರ ಮಾಡುತ್ತಿದ್ದೆ ಎಂಬ ಬೇಸರವೂ ಇದೆ! ನೀವು ಹುಲಿಯ ಬೆನ್ನು ಹತ್ತಿ ಬೇಟೆಯಾಡುವುದಿಲ್ಲವೇ ಸಾಹೇಬ, ನಮ್ಮದೂ ಬೇಟೆಯೇ ಎನ್ನುತ್ತಾನೆ. ಸಾಹೇಬ ನಡುನಡುವೆ ಛೀ ಎನ್ನುತ್ತಾನೆ, ಆದರೂ ಎದ್ದು ಹೋಗುವುದಿಲ್ಲ. ನಾವೂ ಪುಸ್ತಕ ಮುಚ್ಚುವುದಿಲ್ಲ.

ಆ ಕಾದಂಬರಿಯ ಹೆಂಗಸರನ್ನು ನೋಡಿ. ಹೆಂಡತಿ ಅಜೀಮಾ ತನ್ನ ಗಂಡ ಯಾರೆಂದು ತಿಳಿದೊಡನೆ ಪ್ರಾಣ ಬಿಡುತ್ತಾಳೆ. ಇನ್ನೊಬ್ಬಳನ್ನು ಅವನು ಕೊಲ್ಲುತ್ತಾನೆ. ಅವಳು ತನ್ನ ಒಡಹುಟ್ಟಿದವಳು ಎಂದು ಆಮೇಲೆ ತಿಳಿಯುತ್ತದೆ. ಹೆಂಗಸರನ್ನು ಕೊಲ್ಲಬಾರದೆಂದು ಠಗರಲ್ಲಿ ನೇಮವಿತ್ತಂತೆ, ಅದನ್ನು ಮುರಿದದ್ದರಿಂದಲೇ ದೇವಿ ಮುನಿದಳಂತೆ. ಸ್ಲೀಮನ್ನನ ದಾಖಲೆಯಲ್ಲಿ ಫಿರಂಗಿಯಾ ಹೇಳಿದ ಒಂದು ಸಂಗತಿಯಿದೆ. ಮುದಿ ದಾಸಿಯೊಂದಿಗೆ, ಆಳುಗಳೊಂದಿಗೆ ಪ್ರಯಾಣ ಹೊರಟ ಮುಗಲ ತರುಣಿಯೊಬ್ಬಳು ಇವರ ಗುಂಪನ್ನು ಕೂಡಿಕೊಂಡಳು. ಅವಳನ್ನು ದೂರ ಕಳಿಸಲು ನೋಡಿದರು, ಅವಳು ಫಿರಂಗಿಯಾನ ಮೇಲೆ ಮನಸ್ಸಿಟ್ಟು ಬಿಡಲೇ ಇಲ್ಲ. ಕೊನೆಗೆ ಎಲ್ಲರನ್ನೂ ಕೊಂದರು. ಕೊಂದವನ ಹೆಸರು, ಅವನ ಅಡ್ಡಹೆಸರು, ಅವನ ಕುಲ ಎಲ್ಲ ಕಾಗದದಲ್ಲಿವೆ. ಅವಳು ಬರೀ ‘ಮುಗಲಾನಿ’. ಕೊಲೆಗಾರನ ಲೋಕಕ್ಕೆ ಹೋದ ಬರಹಗಾರ ತರುವುದು ಕೊಲೆಗಾರನ ಮಾತನ್ನೇ, ಏಕೆಂದರೆ ಅಲ್ಲಿ ಮಾತಾಡಲು ಉಳಿದಿರುವವನು ಅವನೊಬ್ಬನೇ.

ಈ ಹಾದಿಯ ಮೇಲೆ ಬರೀ ಠಗರೇ ಇದ್ದರೆಂದಲ್ಲ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಬಗಲಿಗೆ ಮಾಣಿಕನಗರ ಕಟ್ಟಿ, ಜಾತಿ ಮತ ಕೇಳದೆ ಬಂದವರಿಗೆಲ್ಲ ಉಣಬಡಿಸಿದ್ದು ಇದೇ ಕಾಲದಲ್ಲಿ. ಆಯಿ ಬೇರೆಲ್ಲೂ ಉಣ್ಣದಿದ್ದರೂ ಅಲ್ಲಿ ಮಾತ್ರ ಪಂಕ್ತಿಯಲ್ಲಿ ಕೂರುತ್ತಿದ್ದಳು.

ಇನ್ನು ಟೇಲರನ ಎರಡನೆಯ ಕಥೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡದು. 1840ರಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರ. ಜೊತೆಗೇ ಸರ್ಕಾರಿ ಚಾಕರಿ. ಈಗಿನ ನೌಕರರು ಹೀಗೆ ಮಾಡಿದರೆ ಮರುದಿನವೇ ನೋಟೀಸು! 1841ರ ಕೊನೆಗೆ ಅವನನ್ನು ಸುರಪುರಕ್ಕೆ ಕಳಿಸಿದರು. ರಾಜ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಸಣ್ಣ ಹುಡುಗ. ರಾಣಿ ಈಶ್ವರಮ್ಮನಿಗೂ ದಾಯಾದಿಗೂ ಆಡಳಿತಕ್ಕಾಗಿ ಜಗಳ. ಟೇಲರ್ ಹುಡುಗನನ್ನು ಓದಿಸಿದ, ಬೆಳೆಸಿದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು, 1844ರಲ್ಲಿ ತೀರಿಕೊಂಡಳು. ರಾಣಿ ಈಶ್ವರಮ್ಮ ಅವನ ಬರಹದಲ್ಲಿ ಕೆಟ್ಟವಳಾಗಿಯೇ ಬರುತ್ತಾಳೆ. ಅವಳ ಕೈಗೂ ಯಾರಾದರೂ ಲೇಖನಿ ಕೊಟ್ಟಿದ್ದರೆ ಚೆನ್ನಾಗಿತ್ತು. 1853ರಲ್ಲಿ ರಾಜ್ಯವನ್ನು ತರುಣ ರಾಜನಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ, ಅಂದರೆ ನಮ್ಮ ಮಗ್ಗುಲಿಗೇ, ಆಡಳಿತಕ್ಕೆ ಬಂದ.

1858ರ ಫೆಬ್ರವರಿಯಲ್ಲಿ ಸುರಪುರ ಎದ್ದಿತು. ಕಾಳಗದಲ್ಲಿ ಇಂಗ್ಲಿಷ್ ಅಧಿಕಾರಿ ನ್ಯೂಬೆರಿ ಬಿದ್ದ. ರಾಜ ಹೈದರಾಬಾದಿಗೆ ತಪ್ಪಿಸಿಕೊಂಡು ಹೋದ, ಅಲ್ಲಿ ಹಿಡಿಯಲ್ಪಟ್ಟ. ಟೇಲರ್ ಅವನನ್ನು ಕಾಣಲು ಸೆರೆಮನೆಗೆ ಹೋದ. ಇಪ್ಪತ್ತೈದು ವರ್ಷಗಳ ಹಿಂದೆ ಠಗರ ಮುಂದೆ ಕಾಗದ ಹಿಡಿದು ಕೂತವನೇ ಈಗ ತಾನು ಸಾಕಿದ ಹುಡುಗನ ಮುಂದೆ ಕೂತ. ಪ್ರಶ್ನೆಯೂ ಹೆಚ್ಚುಕಡಿಮೆ ಅದೇ: ನಿನ್ನ ಹಿಂದೆ ಯಾರಿದ್ದರು? ಹೇಳಿದರೆ ರೆಸಿಡೆಂಟರ ಕರುಣೆ ಸಿಕ್ಕೀತು. ಹುಡುಗ ಅಪ್ಪನ ಕೊರಳಿಗೆ ಬಿದ್ದು ಅತ್ತ. ಹೆಸರು ಮಾತ್ರ ಹೇಳಲಿಲ್ಲ. ಪ್ರಾಣ ಬೇಡುವುದೂ ಇಲ್ಲ, ನಂಬಿದವರನ್ನು ಕೊಡುವುದೂ ಇಲ್ಲ ಎಂದ. ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿರಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿರಿ, ಅಂಜುವುದಿಲ್ಲ ಎಂದ.

ಮೊದಲು ಮರಣದಂಡನೆಯಾಯಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಗಡಿಪಾರಿಗೆ ಇಳಿಸಿದ, ಗವರ್ನರ್ ಜನರಲ್ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಮೊದಲ ಬಿಡಾರದಲ್ಲೇ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನು ಗುಂಡು ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ. ಎಲ್ಲರೂ ಅದನ್ನು ಒಪ್ಪಿದವರಲ್ಲ. ಇಪ್ಪತ್ನಾಲ್ಕನೆಯ ವರ್ಷದಲ್ಲಿ ಸಾವಿದೆಯೆಂದು ಜಾತಕ ಹೇಳಿದ್ದು ಟೇಲರನಿಗೆ ಮೊದಲೇ ಗೊತ್ತಿತ್ತಂತೆ.

ಹೇಳಿದವರು ಬದುಕಿದರು. ಮಾಫಿ ಸಾಕ್ಷಿಗಳಾದ ಠಗರು ಜಬಲ್‌ಪುರದಲ್ಲಿ ಡೇರೆ, ಜಮಖಾನ ನೇಯುತ್ತ ಮುದುಕರಾದರು. ಟೇಲರ್ 1876ರಲ್ಲಿ, ಕಣ್ಣು ಮಂಜಾಗಿ, ಫ್ರಾನ್ಸಿನ ಮೆಂತೋನಿನಲ್ಲಿ ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಅಮೀರ್ ಅಲಿಗೆ ಅವನು ಮೂರು ಸಂಪುಟ ಕೊಟ್ಟಿದ್ದ. ವೆಂಕಟಪ್ಪನ ಸೆರೆಮನೆಯ ಮಾತು ಅದರಲ್ಲಿ ಕೆಲವೇ ಪುಟ.